ಅಂತೆ-ಕಂತೆ

ಮಕ್ಕಳೇ, ಕಳೆದ ವಾರ ಮೊಮ್ಮಗಳನ್ನು ಇಲ್ಲೇ ಸಂಶಿಯ ಅಂಗಡಿಗೆ ಬೆಲ್ಲ ತರಲು ಕಳಿಸಿದ್ದೆ. ಬರಿಗೈಯಲ್ಲಿ ವಾಪಸು ಬಂದಳು.

“ಅಜ್ಜಾ, ಹತ್ತು ರೂಪಾಯಿ ನಾಣ್ಯ ನಡಿಯೂದಿಲ್ಲಂತ.”

“ಯಾರು ಹೇಳಿದ್ರು?”

“ಎಲ್ಲಾರೂ ಅಂತಾರ.”

ನಾನು ಬ್ಯಾಂಕಿನಲ್ಲಿ ಹಣ ಎಣಿಸಿದವನು. ಹತ್ತು ರೂಪಾಯಿ ನಾಣ್ಯದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಆದರೂ ‘ಅಂತೆ’ಯೇ ಗೆದ್ದಿತು!

ಈ ಕಾಟ ಹೊಸದಲ್ಲ. ಹರ್ಮನ್ ಮೋಗ್ಲಿಂಗ್ ಎಂಬವರು 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1836ರಲ್ಲಿ ಮಂಗಳೂರಿಗೆ ಬಂದು ಕನ್ನಡ ಕಲಿತರು. ಬೆಳಿಗ್ಗೆ ಕಚೇರಿಯ ಹತ್ತಿರ ಯಾರೋ ಹುಟ್ಟಿಸಿದ ಸುಳ್ಳು ಸಂಜೆಯೊಳಗೆ ಊರು ತುಂಬುವುದನ್ನು ಅವರು ಕಂಡರು. ಜನರಿಗೆ ಸುದ್ದಿಯ ಹಸಿವಿದೆ, ಹಾಗಾದರೆ ನಿಜವಾದ ಸುದ್ದಿಯನ್ನೇ ಕೊಡೋಣ ಎಂದುಕೊಂಡರು.

ಹೀಗೆ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಬಂತು. ಕನ್ನಡದ ಮೊದಲ ಪತ್ರಿಕೆ ಅದು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ. ಅಚ್ಚಿನ ಮೊಳೆಗಳಿರಲಿಲ್ಲ, ಕಲ್ಲಚ್ಚಿನಲ್ಲಿ ಮುದ್ರಣ. ನಯವಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರ ಮೂಡಿಸಿ, ಕಲ್ಲನ್ನು ಒದ್ದೆ ಮಾಡಿ, ಮಸಿ ಉರುಳಿಸಬೇಕು. ಎಣ್ಣೆ-ನೀರು ಕೂಡುವುದಿಲ್ಲವಲ್ಲ! ಮಸಿ ಅಕ್ಷರಕ್ಕಷ್ಟೇ ಅಂಟುತ್ತದೆ. ಊರ ಸುದ್ದಿ, ಸರ್ಕಾರದ ಕಾಯಿದೆ, ದೂರದೇಶದ ವರ್ತಮಾನ, ಕಥೆ, ಹಾಡು ಎಲ್ಲವೂ ಅದರಲ್ಲಿದ್ದವು. ಮರುವರ್ಷ ಅದು ‘ಕನ್ನಡ ಸಮಾಚಾರ’ ಎಂಬ ಹೆಸರಲ್ಲಿ ಬಳ್ಳಾರಿಗೆ ಹೋಯಿತು, ಬಹಳ ಕಾಲ ಬಾಳಲಿಲ್ಲ. ಆದರೆ ಜುಲೈ 1 ನಮಗೆ ಇಂದಿಗೂ ಪತ್ರಿಕಾ ದಿನ.

ಅಜ್ಜ-ಅಜ್ಜಿಯರಿಗೆ ಇನ್ನೊಂದು ಮಾತು. ತಮ್ಮ ಧರ್ಮ ಸಾರಲು ಬಂದ ಮೋಗ್ಲಿಂಗ್ ನಮ್ಮ ಹಾಡುಗಳನ್ನು ಕಡೆಗಣಿಸಲಿಲ್ಲ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ದಾಸರ ಪದಗಳನ್ನು ಜರ್ಮನ್ ಪದ್ಯಕ್ಕೂ ತಂದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1881ರಲ್ಲಿ ತಮ್ಮ ನಾಡಿನಲ್ಲೇ ತೀರಿಕೊಂಡರು.

ನಾನೂ ಸಾಚಾ ಅಲ್ಲ. ಒಮ್ಮೆ ಕಟ್ಟೆಯ ಮೇಲೆ ಕೂತು, “ಮೆಣಸಿನಕಾಯಿ ದರ ಇಳಿಯುತ್ತದಂತೆ” ಎಂದುಬಿಟ್ಟೆ. ಎಲ್ಲಿ ಕೇಳಿದ್ದೆನೋ ನನಗೇ ಗೊತ್ತಿರಲಿಲ್ಲ. ‘ಬ್ಯಾಂಕಿನವರು ಹೇಳಿದ್ದು’ ಎಂದು ನೆರೆಮನೆಯ ರೈತ ಮರುದಿನವೇ ಚೀಲಗಳನ್ನೆಲ್ಲ ಮಾರಿದ. ಮುಂದಿನ ವಾರ ದರ ಏರಿತು. ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಅದಕ್ಕೇ ಇನ್ನೂ ಮರೆತಿಲ್ಲ.

ಮೊಮ್ಮಗಳು ರಿಸರ್ವ್ ಬ್ಯಾಂಕಿನ ಮಾತನ್ನು ದಪ್ಪ ಅಕ್ಷರದಲ್ಲಿ ಹಾಳೆಯ ಮೇಲೆ ಬರೆದು ಅಂಗಡಿಗೆ ಒಯ್ದಳು. ಅಂಗಡಿಯವ ಓದಿದ, ನಾಣ್ಯ ತಗೊಂಡ, ಬೆಲ್ಲ ಕೊಟ್ಟ. “ಇದನ್ನ ನನ್ನ ಕಡಿಂದ ಯಾರು ತಗೋತಾರವ್ವಾ?” ಎಂದೂ ಕೇಳಿದನಂತೆ.

ಇದು ಮಾತ್ರ ಸುಳ್ಳು ‘ಅಂತೆ’ಯಲ್ಲ. ಹಾಳೆಯನ್ನು ಅಂಗಡಿಯ ಬಾಗಿಲಿಗೇ ಅಂಟಿಸಿ ಬಂದಿದ್ದಾಳೆ, ನಾನೇ ಹೋಗಿ ನೋಡಿದೆ.