ಹಳೆಯ ಮೋಟಾರು ಸೈಕಲ್ಲಿನ ಹೊಸ ಸದ್ದು

ಜಾತ್ರೆಯಲ್ಲಿ ಎತ್ತನ್ನು ಕೊಳ್ಳಹೋದ ಒಕ್ಕಲಿಗನು ಅದರ ಬಾಯಿ ತೆರೆಯಿಸಿ ಹಲ್ಲುಗಳನ್ನು ನೋಡುವನು. ನಾಲ್ಕು ಹೆಜ್ಜೆ ನಡೆಯಿಸಿ ಕಾಲಿನ ಊನವನ್ನು ಪರೀಕ್ಷಿಸುವನು. ಆಮೇಲೆ ಬೆಲೆಯ ಮಾತಿಗೆ ಇಳಿಯುವನು. ಅದೇ ಒಕ್ಕಲಿಗನು ಬಳಸಿದ ಮೋಟಾರು ಸೈಕಲ್ಲನ್ನು ಕೊಳ್ಳುವಾಗ ಬಣ್ಣವನ್ನು ನೋಡಿ, ಎಂಜಿನ್ನನ್ನು ಒಮ್ಮೆ ಗುರುಗುಟ್ಟಿಸಿ, ಹಣವನ್ನು ಎಣಿಸಿ ಕೊಟ್ಟುಬಿಡುವನು. ಈ ವಾಹನಕ್ಕೂ ಹಲ್ಲುಗಳುಂಟು, ನಡಿಗೆಯುಂಟು ಎಂಬುದು ಅವನ ಲಕ್ಷ್ಯಕ್ಕೆ ಬರುವುದಿಲ್ಲ. ಕೆಲವು ದಿನ ಕಳೆಯುವಷ್ಟರಲ್ಲಿ ಕೆಳಗಿನಿಂದ ಯಾವುದೋ ಸದ್ದು ಏಳುವುದು. ಅಲ್ಲಿಂದ ಚಿಂತೆಗೆ ಆರಂಭ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಈ ಸೀಮೆಯಲ್ಲಿ ಕಬ್ಬಿನ ತೋಟಕ್ಕೆ ಹೋಗುವವರಿಗೂ, ನೂಲಿನ ಗಂಟು ಸಾಗಿಸುವ ನೇಕಾರರಿಗೂ, ಮಕ್ಕಳನ್ನು ಶಾಲೆಗೆ ಮುಟ್ಟಿಸುವ ತಂದೆಯರಿಗೂ ಇಂಥ ವಾಹನವೇ ಆಧಾರ. ಬನಹಟ್ಟಿಯ ಕಡೆಯ ನೇಕಾರ ಗೃಹಸ್ಥರೊಬ್ಬರು ಈಚೆಗೆ ನಮ್ಮಲ್ಲಿ ಬಂದು, “ಮಾಸ್ತರ್ರ, ಗಾಡಿ ತಗೊಂಡು ತಿಂಗಳ ಆಗಿಲ್ಲ, ಕಟಕಟ ಅನ್ನಾಕ ಹತ್ತೈತ್ರಿ. ಒಬ್ಬಾಂವ ಎಂಜಿನ್ ಬಿಚ್ಚಬೇಕು ಅಂತಾನ, ಇನ್ನೊಬ್ಬಾಂವ ಗೇರ್‌ಬಾಕ್ಸ್ ಹೋಗೇತಿ ಅಂತಾನ. ಯಾರ ಮಾತು ನಂಬಬೇಕ್ರಿ?” ಎಂದು ಕೇಳಿದರು. ಎಂಜಿನ್ ಬಿಚ್ಚುವ ಖರ್ಚು ಅವರ ಒಂದು ತಿಂಗಳ ದುಡಿಮೆಯನ್ನು ನುಂಗುವಂಥದು. ಸದ್ದು ಯಾವಾಗ ಬರುವುದು, ಎಷ್ಟು ಹೊತ್ತಿಗೊಮ್ಮೆ ಬರುವುದು ಎಂದು ನಾವು ಕೇಳಲು, ಅವರಲ್ಲಿ ಉತ್ತರವಿರಲಿಲ್ಲ. ಮೇಸ್ತ್ರಿಗಳಿಗೂ ಅವರು ಹೇಳಿದ್ದು “ಸದ್ದು ಬರ್ತೈತಿ” ಎಂಬ ಒಂದೇ ಮಾತು. ರೋಗಿಯು ನೋವೆಂದಷ್ಟೇ ಹೇಳಿ ಸುಮ್ಮನಾದರೆ ವೈದ್ಯನು ಮಾಡುವುದೇನು?

ಮಗ್ಗದಲ್ಲಿ ದೋಷ ಬಂದುದು ನಿಮಗೆ ಹೇಗೆ ತಿಳಿಯುವುದೆಂದು ನಾವು ಮರಳಿ ಕೇಳಿದೆವು. “ಲಾಳಿ ಬಡಿತದ ಲೆಕ್ಕ ತಪ್ಪಿದ್ರ ಕಿವಿಗೇ ಗೊತ್ತಾಗ್ತೈತ್ರಿ” ಎಂದರು. ಆ ಕಿವಿಯನ್ನೇ ವಾಹನಕ್ಕೂ ಉಪಯೋಗಿಸಬೇಕೆಂಬುದು ನಮ್ಮ ಈ ತಿಂಗಳ ಮಾತು. ಬಿಚ್ಚುವುದು ಮೇಸ್ತ್ರಿಯ ಕೆಲಸ. ಕೇಳಿಸಿಕೊಳ್ಳುವುದು ಯಜಮಾನನ ಕೆಲಸ.

ಮೊದಲು ಶಕ್ತಿಯು ಹರಿಯುವ ದಾರಿಯನ್ನು ತಿಳಿಯತಕ್ಕದ್ದು. ಎಂಜಿನ್ನಿನಿಂದ ಹೊರಟ ತಿರುಗುವಿಕೆಯು ಕ್ಲಚ್ಚಿಗೂ, ಅಲ್ಲಿಂದ ಗೇರುಗಳಿಗೂ, ಗೇರುಗಳಿಂದ ಮುಂದಿನ ಚಿಕ್ಕ ಹಲ್ಲುಗಾಲಿಗೂ ಬರುವುದು. ಮೇಸ್ತ್ರಿಗಳು ಸ್ಪ್ರಾಕೆಟ್ ಎನ್ನುವುದು ಇದನ್ನೇ. ಅದರ ಮೇಲೆ ಓಡುವ ಚೈನು ಹಿಂದಿನ ದೊಡ್ಡ ಹಲ್ಲುಗಾಲಿಯನ್ನು ಎಳೆಯುವುದು. ದೊಡ್ಡ ಹಲ್ಲುಗಾಲಿಗೂ ಚಕ್ರಕ್ಕೂ ನಡುವೆ ರಬ್ಬರಿನ ತುಂಡುಗಳಿದ್ದು, ಎಳೆತದ ಧಕ್ಕೆಯನ್ನು ಅವು ತಾಳಿಕೊಳ್ಳುವುವು. ಈಗಿನ ಸಣ್ಣ ಗಾಡಿಗಳಲ್ಲಿ ಎಂಜಿನ್ನಿಗೂ ಕ್ಲಚ್ಚಿಗೂ ನಡುವೆ ಸಾಮಾನ್ಯವಾಗಿ ಹಲ್ಲಿನ ಗಾಲಿಗಳೇ ಇರುವುವು. ಆದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳಲ್ಲಿ ಆ ಸ್ಥಳದಲ್ಲಿಯೂ ಒಂದು ಚೈನುಂಟು. ಅಂಥ ಹಳೆಯ ಗಾಡಿಯನ್ನು ಪ್ರೀತಿಯಿಂದ ಇಟ್ಟುಕೊಂಡವರು ಎರಡು ಚೈನುಗಳ ಮೇಲೂ ಲಕ್ಷ್ಯವಿಡಬೇಕು.

ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಮಾರ್ಗಗಳನ್ನು ಹೇಳಿರುವರು. ಇದು ಇದ್ದಲ್ಲಿ ಅದೂ ಇರುವುದೆಂಬುದು ಅನ್ವಯ; ಇದು ಇಲ್ಲದಲ್ಲಿ ಅದೂ ಇಲ್ಲವೆಂಬುದು ವ್ಯತಿರೇಕ. ಸದ್ದಿನ ಮೂಲವನ್ನು ಹುಡುಕಲು ಇವೇ ಸಾಕು.

ಮೊದಲನೆಯದಾಗಿ, ಗಾಡಿಯನ್ನು ನಿಲ್ಲಿಸಿ, ನ್ಯೂಟ್ರಲಿನಲ್ಲಿಟ್ಟು ಎಂಜಿನ್ನನ್ನು ನಡೆಯಿಸಿರಿ. ಆಗಲೂ ಸದ್ದಿದ್ದರೆ ದೋಷವು ಮುಂದುಗಡೆಯಲ್ಲಿದೆ. ಕ್ಲಚ್ಚನ್ನು ಹಿಡಿದೊಡನೆ ಅದು ನಿಂತರೆ ಗೇರುಗಳ ಕಡೆಗೆ ಸಂಶಯವನ್ನು ತಿರುಗಿಸಬಹುದು. ಎರಡನೆಯದಾಗಿ, ಜನರಿಲ್ಲದ ಸಮನಾದ ರಸ್ತೆಯಲ್ಲಿ ಮೆಲ್ಲಗೆ ಓಡಿಸುತ್ತ ಕ್ಲಚ್ಚನ್ನು ಹಿಡಿದು, ಎಂಜಿನ್ನನ್ನು ಮಂದಗೊಳಿಸಿ ಗಾಡಿಯನ್ನು ತಾನಾಗಿ ಉರುಳಗೊಡಿರಿ. ಸದ್ದು ಚಕ್ರದ ವೇಗವನ್ನೇ ಅನುಸರಿಸಿದರೆ ಅದರ ಮೂಲ ಹಿಂದಿದೆ. ಆದರೆ ನಿಂತುಹೋಯಿತೆಂದ ಮಾತ್ರಕ್ಕೆ ಚೈನು ನಿರ್ದೋಷಿಯೆಂದು ತೀರ್ಮಾನಿಸಲಾಗದು. ಎಳೆತವಿದ್ದಾಗ ಮಾತ್ರ ಗೊಣಗುವ ಚೈನುಗಳೂ ಉಂಟು. ಹಿಂದಿನ ಬ್ರೇಕನ್ನು ಹಗುರಾಗಿ ಒತ್ತಿದಾಗ ಸದ್ದು ಬದಲಾದರೆ ಬ್ರೇಕಿನ ಡ್ರಮ್ಮನ್ನು ತೆಗೆದು ನೋಡಿಸಬೇಕು. ಎಡೆಬಿಡದೆ ಗುರ್ ಎನ್ನುವ ಸದ್ದು ಬಹುಮಟ್ಟಿಗೆ ಬೇರಿಂಗಿನದು.

ಮೂರನೆಯ ಪರೀಕ್ಷೆಯು ಲೆಕ್ಕದ್ದು. ಶಾಲೆಯ ಮಕ್ಕಳೂ ಮಾಡಬಲ್ಲರು. ಎಂಜಿನ್ನನ್ನು ಪೂರ್ಣವಾಗಿ ನಿಲ್ಲಿಸಿ, ನಡು ಸ್ಟ್ಯಾಂಡಿನ ಮೇಲೆ ಗಾಡಿಯನ್ನು ಏರಿಸಿ, ನ್ಯೂಟ್ರಲಿನಲ್ಲಿಟ್ಟು, ಟಾಯರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿರಿ. ಚಕ್ರವನ್ನು ಕೈಯಿಂದ ತಿರುಗಿಸುತ್ತ ಸದ್ದನ್ನು ಎಣಿಸಿರಿ. ಹಿಂದಿನ ಹಲ್ಲುಗಾಲಿಗೆ 42 ಹಲ್ಲು, ಮುಂದಿನದಕ್ಕೆ 14, ಚೈನಿಗೆ 104 ಕೊಂಡಿ ಎಂದಿಟ್ಟುಕೊಳ್ಳೋಣ. ಚಕ್ರದ ಒಂದು ಸುತ್ತಿಗೆ ಒಂದು ಸದ್ದಾದರೆ ದೋಷವು ಚಕ್ರದಲ್ಲಿ ಇಲ್ಲವೆ ಹಿಂದಿನ ಹಲ್ಲುಗಾಲಿಯಲ್ಲಿ. ಒಂದು ಸುತ್ತಿಗೆ ಮೂರು ಸದ್ದಾದರೆ ಮುಂದಿನ ಹಲ್ಲುಗಾಲಿಯಲ್ಲಿ. ಸುಮಾರು ಎರಡೂವರೆ ಸುತ್ತಿಗೆ ಒಂದಾದರೆ ದೋಷವು ಚೈನಿನ ಒಂದು ಕೊಂಡಿಯಲ್ಲಿ. ಏಕೆಂದರೆ 42 ಹಲ್ಲುಗಳನ್ನು ದಾಟುತ್ತ 104 ಕೊಂಡಿಗಳ ಚೈನು ಒಮ್ಮೆ ಸುತ್ತಿ ಬರಲು ಚಕ್ರಕ್ಕೆ ಅಷ್ಟು ಸುತ್ತುಗಳು ಬೇಕು. ನಿಮ್ಮ ಗಾಡಿಯ ಹಲ್ಲುಗಳನ್ನೂ ಕೊಂಡಿಗಳನ್ನೂ ಎಣಿಸಿಕೊಂಡು ಲೆಕ್ಕವನ್ನು ತಿದ್ದಿಕೊಳ್ಳಿರಿ.

ಇಲ್ಲಿ ಒಂದು ಎಚ್ಚರಿಕೆ. ಎಂಜಿನ್ ನಡೆಯುತ್ತಿರುವಾಗ ಚೈನಿನ ಸಮೀಪಕ್ಕೆ ಬೆರಳನ್ನಾಗಲಿ ಒರೆಸುವ ಬಟ್ಟೆಯನ್ನಾಗಲಿ ಒಯ್ಯಲೇಬಾರದು. ಚೈನಿಗೂ ಹಲ್ಲಿಗೂ ನಡುವೆ ಸಿಕ್ಕಿದ ಬೆರಳು ಉಳಿಯದು. ಮಕ್ಕಳು ನೋಡಲು ನಿಂತರೆ ದೂರವೇ ನಿಲ್ಲಿಸಿರಿ.

ನೇಕಾರ ಗೃಹಸ್ಥರು ಹೀಗೆ ಪರೀಕ್ಷಿಸಿದಾಗ ಒಂದರ ಬದಲು ಎರಡು ಸದ್ದುಗಳು ಕಂಡುಬಂದವು. ಮೊದಲನೆಯದು ಎರಡೂವರೆ ಸುತ್ತಿಗೊಮ್ಮೆ ಬರುವ ಕಟ್ ಎಂಬುದು. ಎರಡನೆಯದು ಗಾಡಿ ಹೊರಡುವಾಗಲೂ ವೇಗವನ್ನು ಇಳಿಸಿ ಏರಿಸುವಾಗಲೂ ಬರುವ ಟಕ್ ಎಂಬುದು. ಎರಡೂ ಬೆರೆತುದರಿಂದಲೇ ಒಬ್ಬೊಬ್ಬರಿಗೆ ಒಂದೊಂದು ತೋರಿತ್ತು. ಮೇಸ್ತ್ರಿಯು ಚೈನಿನ ಮುಚ್ಚಳವನ್ನು ತೆಗೆಯಲು, ಎರಡು ಕೊಂಡಿಗಳು ತುಕ್ಕು ಹಿಡಿದು ಬಾಗದೆ ನಿಂತಿದ್ದವು. ಗಾಡಿಯು ಮಾರಾಟಕ್ಕೆ ಮುಂಚೆ ಬಹಳ ಕಾಲ ಮಳೆಯಲ್ಲಿ ನಿಂತಿದ್ದಿರಬೇಕು. ಹಿಂದಿನ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದವು. ಚಕ್ರವನ್ನು ಹಿಡಿದು ಹಲ್ಲುಗಾಲಿಯನ್ನು ಅಲುಗಾಡಿಸಿದರೆ ಅದು ಸಡಿಲವಾಗಿ ಹೊರಳುತ್ತಿತ್ತು. ಒಳಗಿನ ರಬ್ಬರುಗಳು ಸವೆದು ಹೋಗಿದ್ದವು. ಇವೆಲ್ಲವನ್ನೂ ಬದಲಿಸಲಾಗಿ ಸದ್ದು ಅಡಗಿತು. ಎಂಜಿನ್ನಿನ ಒಂದು ನಟ್ಟನ್ನೂ ಮುಟ್ಟಬೇಕಾಗಲಿಲ್ಲ.

ಚೈನು ಉದ್ದವಾಗುವುದೆಂದು ಜನರು ಹೇಳುವರಷ್ಟೆ. ಕಬ್ಬಿಣವು ಹಿಗ್ಗಿ ಹಾಗಾಗುವುದಲ್ಲ. ಬಾಗಿಲಿನ ತಿರುಗಣಿಯಂತೆ ಪ್ರತಿಯೊಂದು ಕೊಂಡಿಯ ಪಿನ್ನೂ ಕೂದಲೆಳೆಯಷ್ಟು ಸವೆದು, ನೂರು ಸವೆತಗಳು ಕೂಡಿ ಉದ್ದವಾಗಿ ತೋರುವುವು. ಸಣ್ಣ ಗಾಡಿಗಳಲ್ಲಿ ರೂಢಿಯಲ್ಲಿರುವ 428 ಎಂಬ ಸಂಖ್ಯೆಯ ಚೈನಿನಲ್ಲಿ ಒಂದು ಪಿನ್ನಿನಿಂದ ಮತ್ತೊಂದಕ್ಕೆ 12.7 ಮಿಲ್ಲಿಮೀಟರು, ಅಂದರೆ ಅರ್ಧ ಅಂಗುಲ. ಆದುದರಿಂದ 20 ಕೊಂಡಿಗಳನ್ನು ಬಿಗಿಯಾಗಿ ಎಳೆದು ಅಳೆದರೆ 254 ಮಿಲ್ಲಿಮೀಟರು ಇರಬೇಕು. 259ನ್ನು ಮುಟ್ಟಿತೆಂದರೆ ಅದರ ಆಯುಷ್ಯ ಮುಗಿಯಿತು. ಆಗ ಚೈನನ್ನೂ ಎರಡು ಹಲ್ಲುಗಾಲಿಗಳನ್ನೂ ಕೂಡಿಯೇ ಬದಲಿಸತಕ್ಕದ್ದು. ಸವೆದ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಆ ಹಲ್ಲೇ ಅದನ್ನು ಬೇಗ ಕೆಡಿಸುವುದು. ಜೋಡಣೆಯ ಕೊಂಡಿಗೆ ಹಾಕುವ ಕ್ಲಿಪ್ಪಿನ ಮುಚ್ಚಿದ ತುದಿಯು ಚೈನು ಓಡುವ ದಿಕ್ಕಿಗೆ ಇರಬೇಕೆಂಬುದನ್ನೂ ನಿಂತು ನೋಡಿರಿ.

ನಮ್ಮ ಎರೆಮಣ್ಣಿನ ಧೂಳು ಎಣ್ಣೆಯೊಡನೆ ಬೆರೆತರೆ ಚೈನನ್ನು ಅರೆಯುವ ಸಾಣೆಯೇ ಆಗುವುದು. ಮಗ್ಗದ ಮನೆಯಲ್ಲಿ ನಿಲ್ಲಿಸುವ ಗಾಡಿಗೆ ಹತ್ತಿಯ ನವಿರೂ ಅಂಟುವುದು. ಆದಕಾರಣ ಹಳೆಯದರ ಮೇಲೆ ಎಣ್ಣೆಯನ್ನು ಸುರಿಯದೆ, ಮೊದಲು ಒರೆಸಿ ತೊಳೆದು, ಒಣಗಿಸಿ, ಆಮೇಲೆ ಮಿತವಾಗಿ ಎಣ್ಣೆ ಹಚ್ಚಬೇಕು. ಸಡಿಲವು ಎಷ್ಟಿರಬೇಕೆಂಬುದು ಗಾಡಿಯ ಕೈಪಿಡಿಯಲ್ಲಿರುವುದು; ಬಹಳ ಬಿಗಿ ಮಾಡಿದರೆ ಬೇರಿಂಗು ಕೆಡುವುದು.

ಅನೇಕರು ಸದ್ದು ಮುಚ್ಚಳದ್ದೆಂದು ಭಾವಿಸಿ ಅದನ್ನೇ ಕಿತ್ತೊಗೆಯುವರು. ಹಿಂದೆ ಕುಳಿತ ಗೃಹಿಣಿಯ ಸೆರಗು ಚೈನಿಗೆ ಸಿಕ್ಕದಂತೆ ಕಾಯುವುದು ಆ ಮುಚ್ಚಳವೇ. ಅದು ಸಡಿಲಾದರೆ ಬಿಗಿಯಿಸಿರಿ, ಒಡೆದರೆ ಹೊಸದನ್ನು ಹಾಕಿಸಿರಿ. ಇನ್ನು ಓಡುವಾಗ ಚೈನು ಕಡಿದರೆ ಅದು ಮುಂದಿನ ಹಲ್ಲುಗಾಲಿಗೆ ಸುತ್ತಿಕೊಂಡು ಹಿಂದಿನ ಚಕ್ರವನ್ನು ಒಮ್ಮೆಗೇ ಬಂಧಿಸಬಹುದು. ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಬರುವ ರಸ್ತೆಯಲ್ಲಿ ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಹೋಗುವವನಿಗೆ ಅದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಸಲ ಸದ್ದು ಕೇಳಿದಾಗ ಯಾವಾಗ, ಎಷ್ಟು ಸುತ್ತಿಗೊಮ್ಮೆ, ಎಳೆತದಲ್ಲಿಯೋ ಉರುಳಿನಲ್ಲಿಯೋ ಎಂಬ ಮೂರನ್ನು ಚೀಟಿಯಲ್ಲಿ ಬರೆದುಕೊಂಡು ಮೇಸ್ತ್ರಿಯ ಬಳಿಗೆ ಹೋಗಿರಿ. ಒಳ್ಳೆಯ ಮೇಸ್ತ್ರಿಯು ಅಂಥ ಗಿರಾಕಿಯನ್ನು ಕಂಡು ಸಂತೋಷಪಡುವನು.