ಪೇಪರ್ ಸುತ್ತಿದ ಬಾಟ್ಲಿ

ಈ ಸಲ ಹೊಸತೊಡಕಿಗೆ ನಮ್ಮನೇಲಿ ನಡೆದಿದ್ದು ಹೇಳ್ತೀನಿ. "ಈ ವಯಸ್ಸಲ್ಲಿ ಇವಳಿಗೇನು ಬಂತು, ವಿಸ್ಕಿ ಬಗ್ಗೆ ಬರೀತಾಳೆ" ಅಂತ ಕೆಲವರು ಮೂಗು ಮುರೀಬಹುದು. ಮುರೀರಿ, ಇದು ಮೂಗಿನ ವಿಷಯವೇ.

ತಂಗಿ ಮಗ ಅಮೆರಿಕದಿಂದ ಬಂದಿದ್ದ. ಬರ್ತಾ ಅಲ್ಲೀದೊಂದು ಬಾಟ್ಲಿ ತಂದಿದ್ದ. ಯುಗಾದಿ ಮಾರನೇ ದಿನ ಬಾಡೂಟ ಇರೋ ಮನೇಲಿ ಗಂಡಸರು ಹಿತ್ತಲ ಕಡೆ ಸೇರೋದು ನಿಮಗೆ ಗೊತ್ತಿಲ್ಲದ್ದೇನಲ್ಲ. ಹುಡುಗ ಏನು ಮಾಡ್ದ, ಮೂರು ಬಾಟ್ಲಿಗೆ ಪೇಪರ್ ಸುತ್ತಿ ಒಂದು, ಎರಡು, ಮೂರು ಅಂತ ಬರೆದ. ಒಂದು ಅವ್ನು ತಂದಿದ್ದು. ಒಂದು ಕುಂಬಳಗೋಡಿನ ಹತ್ರ ಕಂಬೀಪುರದಲ್ಲಿ ಮಾಡೋ ಅಮೃತ್. ಇನ್ನೊಂದು ದಿನಾ ಸಂಜೆ ಎಲ್ಲರೂ ಕುಡಿಯೋ ಅಗ್ಗದ್ದು. "ಫಾರಿನ್ನು ಯಾವ್ದು ಹೇಳಿ ನೋಡಾಣ" ಅಂದ.

ಐದು ಜನ ಕೂತಿದ್ರು. ಒಬ್ಬೊಬ್ರೂ ಮೂವತ್ತು ವರ್ಷದ ಅನುಭವಸ್ಥರು! ನಾಲ್ಕು ಜನ ಅಗ್ಗದ್ದನ್ನೇ ಹಿಡ್ಕೊಂಡು "ಇದೇ ಕಣಪ್ಪ, ಗಂಟಲಲ್ಲಿ ಹೆಂಗೆ ಇಳೀತೈತೆ ನೋಡು" ಅಂದ್ರು. ನಮ್ಮ ಯಜಮಾನ್ರೂ ಆ ನಾಲ್ಕರಲ್ಲೇ ಒಬ್ರು.

ಮುದ್ದೆ ತಗೊಂಡು ಹೋದವಳನ್ನ ಹುಡುಗ ನಿಲ್ಲಿಸ್ದ. "ದೊಡ್ಡವ್ವ, ನೀನು ಬರೀ ಮೂಸಿ ಹೇಳು." ಮೂಸಿದೆ. ಮೂರನೇದು ಆಲೆಮನೆ ಮುಂದೆ ನಿಂತಂಗಿತ್ತು. ಬೆಲ್ಲದ ಪಾಕ, ಅದರ ಹಿಂದೆ ಹೊಸದಾಗಿ ಹತ್ತರಿ ಹೊಡೆದ ಮರ, ಕೊನೇಲಿ ಸುಟ್ಟ ಜೋಳದ ತೆನೆ. "ಇದು ನಮ್ಮ ಕಡೇದಲ್ಲ" ಅಂದೆ. ಸರಿಯಾಗಿತ್ತು.

ಆಮೇಲೆ ಹುಡುಗ ಹೇಳ್ದ. ಅದನ್ನ ಬರ್ಬನ್ ಅಂತಾರಂತೆ. ಧಾನ್ಯದಲ್ಲಿ ಕಮ್ಮಿ ಅಂದ್ರೂ 51 ಪರ್ಸೆಂಟ್ ಮುಸುಕಿನ ಜೋಳ ಇರ್ಬೇಕು, ಒಳಗೆ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಲ್ಲೇ ಇಡ್ಬೇಕು ಅಂತ ಅವರ ದೇಶದಲ್ಲಿ ಕಾನೂನು. ಆ ಸುಟ್ಟ ಮರದಿಂದಲೇ ಬೆಲ್ಲದ ವಾಸನೆ. ನಿಜವಾಗ್ಲೂ ಕಬ್ಬಿನ ಸಂಬಂಧ ಇರೋದು ನಮ್ಮ ಅಗ್ಗದ್ದಕ್ಕೆ, ಅದು ಸಾಮಾನ್ಯವಾಗಿ ಕಾಕಂಬಿ ಸ್ಪಿರಿಟ್ಟಿಂದ ಆಗೋದು! ಒಂದ್ಸಲ ಬರ್ಬನ್ ಇಟ್ಟ ಪೀಪಾಯಿ ಅದಕ್ಕೆ ಮತ್ತೆ ಬರಲ್ಲ. ಹಳೇ ಉಪ್ಪಿನಕಾಯಿ ಜಾಡಿ ದಾಟಿಸ್ದಂಗೆ ಸ್ಕಾಟ್ಲೆಂಡಿಗೆ, ನಮ್ಮ ಕಂಬೀಪುರಕ್ಕೂ ಬರುತ್ತೆ. ಆ ಅಮೃತ್‌ನೋರೂ 2004ರಲ್ಲಿ ತಮ್ಮ ಸಿಂಗಲ್ ಮಾಲ್ಟನ್ನ ಮೊದಲು ಬಿಟ್ಟಿದ್ದು ಗ್ಲಾಸ್ಗೋದಲ್ಲಿ. ಹೆಸರು ಹೇಳ್ದೆ ಕುಡಿಸಿದಾಗ ಅಲ್ಲಿಯೋರು ಇದು ನಮ್ಮದೇ ಅಂದುಕೊಂಡ್ರಂತೆ. ಇಂಡಿಯಾದ್ದು ಅಂತ ಮೊದಲೇ ಹೇಳಿದ್ರೆ ಎಷ್ಟು ಜನ ಗ್ಲಾಸು ಮುಟ್ತಿದ್ರೋ.

"ದೊಡ್ಡವ್ವಂಗೆ ಎಂಥಾ ಮೂಗು" ಅಂತ ಎಲ್ರೂ ನಕ್ರು. ನಾನು ನಗಲಿಲ್ಲ. ಈ ಮೂಗು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮಪ್ಪ ಬೀದಿ ತಿರುಗೋ ಹೊತ್ತಿಗೇ ಅವ್ವ ಬಾಗಿಲಲ್ಲಿ ನಿಂತು ಗಾಳಿ ಮೂಸೋಳು. ಹೆಂಡ ಆದ್ರೆ ಪರವಾಗಿಲ್ಲ, ಹಾಡು ಹೇಳ್ಕೊಂಡು ಮಲಗ್ತಿದ್ದ. ಸಾರಾಯಿ ಆದ್ರೆ ನಮ್ಮನ್ನ ಪಕ್ಕದ ಮನೆಗೆ ಕಳಿಸೋಳು. ಏಳೆಂಟು ವರ್ಷಕ್ಕೇ ಆ ವಿದ್ಯೆ ನನಗೂ ಬಂದಿತ್ತು. 2007ರ ಜುಲೈಗೆ ಸರ್ಕಾರ ಸಾರಾಯಿ ನಿಲ್ಲಿಸ್ತು. ಅಷ್ಟೊತ್ತಿಗೆ ಅಪ್ಪನೂ ಇರಲಿಲ್ಲ. ಕುಡಿಯೋದೇನು ನಿಂತಿಲ್ಲ ಬಿಡಿ, ಪ್ಯಾಕೆಟ್ ಹೋಗಿ ಬಾಟ್ಲಿ ಬಂತು.

ಅದಕ್ಕೇ ನನಗೆ ಸಿಟ್ಟು ಬರೋದು "ಒಳ್ಳೇ ಬ್ರ್ಯಾಂಡು ಕುಡಿದ್ರೆ ಏನೂ ಆಗಲ್ಲ" ಅನ್ನೋ ಮಾತಿಗೆ. ನಮ್ಮ ಕಡೆ ವಿಸ್ಕೀಲಿ ಸಾಮಾನ್ಯವಾಗಿ ನೂರಕ್ಕೆ 42.8 ಆಲ್ಕೋಹಾಲ್. ಹುಡುಗ ತಂದ ಬಾಟ್ಲಿ ಮೇಲೆ 45 ಅಂತ ಇತ್ತು. ಚೀಟಿ ಓದಕ್ಕೆ ಲಿವರಿಗೆ ಕಣ್ಣಿಲ್ಲ. ಪೇಪರ್ ಸುತ್ತಿ ಕೊಟ್ರೆ ಗಂಡಸರ ಜಂಬ ಇಳಿಯುತ್ತೆ ನಿಜ, ನಾನಂತೂ ಎಲ್ಲ ಮನೇಲೂ ಒಂದ್ಸಲ ಮಾಡಿ ನೋಡಿ ಅಂತೀನಿ, ತುಪ್ಪಕ್ಕೂ ಜೇನಿಗೂ ಮಾಡಿ. ಆದ್ರೆ ನಾಲಿಗೆ ಹೇಳೋದು ರುಚಿ ಒಂದನ್ನೇ. ಒಳಗೆ ಹೋಗಿ ಏನು ಮಾಡುತ್ತೆ ಅನ್ನೋದು ಅದಕ್ಕೆ ಗೊತ್ತಾಗಲ್ಲ.

ಅವತ್ತೇ ಊಟಕ್ಕೆ ಕೂತಾಗ ತಂಗಿ ಬೇಬಿ ಕಾರ್ನ್ ಪಲ್ಯ ನೋಡಿ ಕೈ ತಡೆದ್ಲು. "ಅಕ್ಕ, ಇದು ಕೆರೆ ನೀರಲ್ಲಿ ಬೆಳೆದಿದ್ದಾ?" ನನಗೆ ರೇಗಿಹೋಯ್ತು. ಬೈರಮಂಗಲ ಕೆರೆಗೆ ನೊರೆ ತರೋ ವೃಷಭಾವತಿ ಹುಟ್ಟೋದು ಬೆಂಗಳೂರಲ್ಲಿ. ಇವಳ ಬಚ್ಚಲ ನೀರೂ ಅದರಲ್ಲೇ ಬರೋದು. ನಾವು ಬೆಳೆಯೋ ಬೇಬಿ ಕಾರ್ನು, ಹುಲ್ಲು ತಿಂದ ಹಸುವಿನ ಹಾಲು, ಎಲ್ಲಾ ಅವರ ಊರಿಗೇ ವಾಪಸ್ ಹೋಗುತ್ತೆ, ಅಲ್ಲಿ ಊರಿನ ಹೆಸರು ಬರೆದಿರಲ್ಲ ಅಷ್ಟೆ. ಅಂಗಡೀಲಿ ಕೇಳಲ್ಲ, ಅಕ್ಕನ ಮನೇಲಿ ಕೇಳ್ತಾಳೆ.

ಆಮೇಲೆ ಯೋಚನೆ ಮಾಡಿದೆ, ಕೇಳಿದ್ದು ತಪ್ಪಲ್ಲ. ಬಾಯಿಗೆ ಹಾಕ್ಕೊಂಡು ತಿಳಿಯೋ ವಿಷಯ ಅಲ್ಲ ಅದು.

"ಬೋರ್‌ವೆಲ್ ನೀರಿಂದು" ಅಂದೆ. ಸುಳ್ಳಲ್ಲ. ಆ ಬೋರು ಕೆರೆ ಪಕ್ಕದಲ್ಲೇ ಐತೆ ಅನ್ನೋದನ್ನ ಹೇಳಲಿಲ್ಲ. ಪಲ್ಯ ಬಲು ರುಚಿ ಅಂತ ಎರಡು ಸಲ ಹಾಕಿಸ್ಕೊಂಡ್ಲು.