ಪುಟ್ಟ ವಿಮಾನದ ಬ್ರೇಕು

ಮೊಮ್ಮಗನ ಜೊತೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆ. ಇಳಿಯುವಾಗ ಬಸ್ಸು ಪ್ರತಿ ತಿರುವಿನಲ್ಲೂ ಪುಸ್ ಎನ್ನುತ್ತಿತ್ತು.

"ತಾತ, ವಿಮಾನಕ್ಕೂ ಬ್ರೇಕ್ ಇರುತ್ತಾ?"

ಹಳೆಯ ಟೈಗರ್ ಮಾತ್ ವಿಮಾನಕ್ಕೆ ಮೊದಲು ಬ್ರೇಕೇ ಇರಲಿಲ್ಲ! ಬಾಲದ ಕೆಳಗಿನ ಊರುಗೋಲು ಹುಲ್ಲುನೆಲ ಗೀರುತ್ತಾ ಅದನ್ನು ನಿಲ್ಲಿಸುತ್ತಿತ್ತು. ಆಮೇಲಿನ ಪುಟ್ಟ ವಿಮಾನಗಳಲ್ಲಿ ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು ಬ್ರೇಕ್ ಬಂತು. ಒಂದು ಕೈಕೊಟ್ಟರೆ ವಿಮಾನ ಇನ್ನೊಂದರ ಕಡೆಗೆ ಗಿರ್ರನೆ ತಿರುಗಿಬಿಡುತ್ತದೆ. ಬಸ್ಸಿಗಾದರೆ ಗೇರಾದರೂ ಇದೆ.

ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಪುಷ್ಪಕ 1958ರಲ್ಲಿ ಮೊದಲು ಹಾರಿತು. ಅಂಥ ಹಳೆಯ ವಿಮಾನಗಳ ತಯಾರಿಕೆ ನಿಂತು ದಶಕಗಳಾದವು. ಬಿಡಿಭಾಗ ಹುಡುಕಿಯೇ ತರಬೇಕು. ಆಯಿಲ್ ಬ್ರೇಕಿನಲ್ಲಿ ಒಳಗಿನ ರಬ್ಬರ್ ಉಂಗುರವೂ ಸವೆಯುತ್ತದೆ.

"ಗುಂಡ್ಲುಪೇಟೆ ಅಂಗಡೀಲಿ ಅದೇ ಅಳತೆಯದು ಸಿಗಲ್ವಾ ತಾತ?"

ಸಿಗಬಹುದು. ಆದರೆ ಕಾರಿನ ಬ್ರೇಕ್ ಆಯಿಲೇ ಬೇರೆ. ಇಂಥ ವಿಮಾನಗಳಿಗೆ ಹಾಕುವುದು ಕೆಂಪು ಖನಿಜ ತೈಲ. ಕಾರಿನ ರಬ್ಬರ್ ಅದರಲ್ಲಿ ನೆನೆಹಾಕಿದ ಕಡಲೆಯಂತೆ ಊದಿ, ಬ್ರೇಕ್ ಕಚ್ಚಿಕೊಳ್ಳುತ್ತದೆ. ಅದಕ್ಕೇ ಭಾಗದ ನಂಬರು, ಪ್ರಮಾಣಪತ್ರ ಎರಡನ್ನೂ ನೋಡದೆ ಎಂಜಿನಿಯರ್ ಕೈಹಾಕುವುದಿಲ್ಲ. ಒಂದು ಉಂಗುರಕ್ಕಾಗಿ ವಿಮಾನ ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಂತೀತು!

ಬಸ್ಸು ಬೆಟ್ಟದ ಬುಡ ಮುಟ್ಟಿತು. ಹುಡುಗ ಇಳಿದವನೇ ಚಕ್ರದ ಬಳಿ ಬಗ್ಗಿ ನೋಡತೊಡಗಿದ.